ಉಣ್ಣಲಾರದವರ ಊಟ

ಇಬ್ಬರು ಕೂಡಿದಲ್ಲಿ "ಊಟಾ ಆತೇನ್ರಿ?" ಎಂದು ಕೇಳುವದು ಬಾಗಲಕೋಟೆಯ ಸೀಮೆಯಲ್ಲಿ ಬರಿಯ ಉಪಚಾರದ ಮಾತಲ್ಲ, ಅದು ಕ್ಷೇಮವನ್ನು ಅಳೆಯುವ ಮೊದಲನೆಯ ಅಳತೆಗೋಲು. ಆದುದರಿಂದಲೇ ವಿದ್ಯಾಗಿರಿಯ ಮನೆಯವರಾಗಲಿ, ಹುನಗುಂದ ಬಾದಾಮಿಗಳ ಹಳ್ಳಿಯವರಾಗಲಿ, ತಮ್ಮವರನ್ನು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿಸಿ ಹೊರಗೆ ಕುಳಿತಾಗ, ರೋಗದ ಹೆಸರಿಗಿಂತ ಮೊದಲು ಕೇಳುವದು ಇದನ್ನೇ: "ಹೊಟ್ಟಿಗೆ ಏನರ ಹಾಕೀರೇನ್ರಿ, ಡಾಕ್ಟರ?"

ಈ ಪ್ರಶ್ನೆಯನ್ನು ಅಜ್ಞಾನವೆಂದು ನಗುವದು ಸಲ್ಲದು. ಕಠಿಣ ರೋಗದಲ್ಲಿ ದೇಹವು ತನ್ನ ಮಾಂಸವನ್ನೇ ಕರಗಿಸಿ ಉಣ್ಣುವದು. 2013ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪರೀಕ್ಷೆಯಲ್ಲಿ, ಇಂಥ ರೋಗಿಗಳ ತೊಡೆಯ ಸ್ನಾಯುವಿನ ಗಾತ್ರವು ಹತ್ತೇ ದಿನಗಳಲ್ಲಿ ನೂರಕ್ಕೆ ಸುಮಾರು 18 ಪಾಲು ಕುಗ್ಗಿದ್ದು ಕಂಡುಬಂದಿತು. ಆದಕಾರಣ ರಕ್ತದ ಒತ್ತಡವು ನೆಲೆಗೊಂಡಿತೆಂದರೆ, 24ರಿಂದ 48 ತಾಸುಗಳೊಳಗೆ ಮೂಗಿನ ನಳಿಕೆಯಿಂದ ದ್ರವಾಹಾರವನ್ನು ಕೊಡತೊಡಗುವದು ಈಗಿನ ಪದ್ಧತಿ.

ಆದರೆ ಯಾರಿಗೆ ಎಷ್ಟು? ಇಲ್ಲಿಯೇ ಅಳತೆಯ ಕಷ್ಟ. ತೂಕವನ್ನು ನಂಬುವಂತಿಲ್ಲ, ನರದೊಳಗೆ ಹರಿಸಿದ ನೀರಿನಿಂದ ಮೈ ಬಾತು, ಸೊರಗಿದವನೂ ತುಂಬಿದವನಂತೆ ತೋರುವನು. ರಕ್ತದ ಆಲ್ಬುಮಿನ್ ಹಿಂದೆ ಪೋಷಣೆಯ ಕನ್ನಡಿಯೆನಿಸಿತ್ತು. ಅದು ಹಸಿವೆಗಿಂತ ಹೆಚ್ಚಾಗಿ ಉರಿಯೂತದಿಂದಲೇ ಇಳಿಯುವದೆಂದು ಈಗ ತಿಳಿದಿದೆ. 2011ರಲ್ಲಿ ಕೆನಡಾದ ವೈದ್ಯರು ರಚಿಸಿದ 'ನ್ಯೂಟ್ರಿಕ್' ಗಣನೆಯು ವಯಸ್ಸು, ರೋಗದ ತೀವ್ರತೆ, ಅವಯವಗಳ ಸ್ಥಿತಿ, ಜೊತೆಗಿರುವ ರೋಗಗಳು, ಈ ಘಟಕಕ್ಕೆ ಬರುವ ಮೊದಲು ಆಸ್ಪತ್ರೆಯಲ್ಲಿ ಕಳೆದ ದಿನಗಳು ಇವುಗಳಿಗೆ ಅಂಕ ಕೊಡುವದು. ಅದರ ಸರಳಗೊಳಿಸಿದ ರೂಪದಲ್ಲಿ ಒಂಬತ್ತಕ್ಕೆ ಐದು ಮೀರಿದರೆ, ಅಥವಾ ಐದೇ ಆದರೂ, ಅಪಾಯ ಹೆಚ್ಚು. ಆದರೆ ರೋಗಿಯು ಕಳೆದ ವಾರ ಏನು ಉಂಡನೆಂಬುದನ್ನು ಈ ಗಣನೆಯು ಕೇಳುವದೇ ಇಲ್ಲ.

ಅದನ್ನು ಬಲ್ಲವರು ಬಾಗಿಲ ಹೊರಗೆ ಕುಳಿತವರು ಮಾತ್ರ. ಧೋತರ ಸಡಿಲಾದದ್ದು, ಎರಡು ರೊಟ್ಟಿ ಅರ್ಧವಾದದ್ದು, ಕೊನೆಗೆ ಗಂಜಿಯೂ ಸೇರದೆ ಹೋದದ್ದು, ಇವೆಲ್ಲ ಮನೆಯ ಹೆಣ್ಣುಮಕ್ಕಳ ಕಣ್ಣಿಗೆ ಬಿದ್ದಿರುವವು. ಆದರೂ ವೈದ್ಯರು ಕೇಳಿದಾಗ "ಛಲೋ ಉಣ್ತಿದ್ರರಿ" ಎಂಬ ಉತ್ತರ ಬರುವದುಂಟು. ಮುಪ್ಪಿನವರಿಗೆ ಕೂಳು ಹಾಕಲಿಲ್ಲವೆಂದು ಜನ ಆಡಿಕೊಂಡಾರೆಂಬ ಅಂಜಿಕೆಯೇ ಇದಕ್ಕೆ ಕಾರಣ.

ಮಾನ ಕಾಯಲು ಆಡಿದ ಆ ಮಾತು ಪ್ರಾಣಕ್ಕೆ ಎರವಾಗಬಹುದು. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೆ ತುಂಬ ಉಣಿಸಿದರೆ ರಕ್ತದಲ್ಲಿಯ ಫಾಸ್ಫೇಟು ಕುಸಿದು, ಹೃದಯದ ಬಡಿತ ಕೆಡುವದು, ಉಸಿರು ಸೋಲುವದು. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಯಿಂದ ಬಿಡುಗಡೆಯಾದ ಹಸಿದ ಬಂದಿಗಳಲ್ಲಿ ಕೆಲವರು ಅನ್ನ ಸಿಕ್ಕ ಮೇಲೆಯೇ ಸತ್ತರು. ಐದು ದಿನಕ್ಕೂ ಮಿಕ್ಕಿ ಉಪವಾಸವಿದ್ದವನೆಂದು ತಿಳಿದರೆ, ವೈದ್ಯರು ಮೊದಲು ಅರ್ಧಕ್ಕಿಂತ ಹೆಚ್ಚು ಕೊಡದೆ, ರಕ್ತವನ್ನು ಪರೀಕ್ಷಿಸುತ್ತ ಮೆಲ್ಲಗೆ ಏರಿಸುವರು.

ಮುಪ್ಪಿನಲ್ಲಿ, ರೋಗದಲ್ಲಿ ಅನ್ನ ಸೇರದಿರುವದು ಮನೆಯವರ ಅಪರಾಧವಲ್ಲ. ಅದು ರೋಗದ ಲಕ್ಷಣ. ಹೀಗೆ ತಿಳಿದ ಮನೆಯವರು "ಎಂಟು ದಿನಾ ಆತ್ರಿ, ಬರೇ ಚಹಾದ ಮ್ಯಾಲ ಅದಾರ" ಎಂದು ಇದ್ದದ್ದನ್ನು ಇದ್ದಂತೆ ಹೇಳಬಲ್ಲರು. ಬುತ್ತಿಯ ಗಂಟು ಒಳಗೆ ಹೋಗದಿದ್ದರೂ ಆ ಮಾತು ಒಳಗೆ ಹೋಗುವದು. ನಳಿಕೆಯಿಂದ ಇಳಿಯುವ ಪ್ರತಿಯೊಂದು ಗುಟುಕಿನ ಅಳತೆಯೂ ಅದರ ಮೇಲೆ ನಿಂತಿರುವದು.