ಹೊಸೂರು ರಸ್ತೆಯ ಕೊನೆಯಲ್ಲಿ ಒಬ್ಬ ತೋಟಗಾರ

ಹೊಸೂರಿನವರಾದ ನಮಗೆ ಬೆಂಗಳೂರು ದೂರದ ಊರೇನಲ್ಲ. ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಕಾಲೇಜಿಗೆ ಎಂದು ಸುಮಾರು 40 ಕಿಲೋಮೀಟರ್ ಹೋಗಿಬರುತ್ತಲೇ ಇರುತ್ತೇವೆ. ಅತ್ತಿಬೆಲೆ, ಚಂದಾಪುರ ದಾಟಿ, 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಇಳಿದರೆ ಮಡಿವಾಳ ಬಂದೇಬಿಟ್ಟಿತು. ಇದೇ ರಸ್ತೆಯ ನಗರದ ತುದಿಯಲ್ಲಿ, ಮೆಥೊಡಿಸ್ಟ್ ಸಮಾಧಿಭೂಮಿಯಲ್ಲಿ, ಬೆಂಗಳೂರಿಗೆ ಹೂವಿನ ಸಾಲುಮರ ಕೊಟ್ಟವರೊಬ್ಬರು ಮಲಗಿದ್ದಾರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅವರೇ ಜಿ.ಎಚ್. ಕ್ರುಂಬಿಗಲ್. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿದವರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಮಹಾಯುದ್ಧದ ಕಾಲದಲ್ಲಿ, ಜರ್ಮನಿಯವರೆಂಬ ಒಂದೇ ಕಾರಣಕ್ಕೆ ಬಂಧನವನ್ನೂ ಕಂಡರು. ಆದರೂ ಈ ಊರನ್ನು ಬಿಡಲಿಲ್ಲ. 1956ರಲ್ಲಿ ಇಲ್ಲೇ ಕಣ್ಣುಮುಚ್ಚಿದರು.

ಮಾರ್ಚಿನ ಒಂದು ಶನಿವಾರ ಧರ್ಮಕೇಂದ್ರದ ಯುವಜನರೊಂದಿಗೆ ನಾವು ಅವರ ಸಮಾಧಿ ನೋಡಿ, ಅಲ್ಲಿಂದ ಲಾಲ್‌ಬಾಗಿಗೆ ನಡೆದೇ ಹೋದೆವು. ದೊಡ್ಡ ರಸ್ತೆಯಲ್ಲಿ ಬಿಸಿಲಿಗೆ ತಲೆಮೇಲೆ ಸೆರಗು ಹೊದ್ದಿದ್ದ ಹೆಂಗಸರು, ಮಳೆಮರಗಳಿದ್ದ ಅಡ್ಡರಸ್ತೆಗೆ ತಿರುಗುತ್ತಲೇ ಸೆರಗು ತೆಗೆದರು. ಎಲೆಗಳು ನೆರಳು ಕೊಡುವುದಷ್ಟೇ ಅಲ್ಲ, ಬೇರು ಹೀರಿದ ನೀರನ್ನು ಆವಿಯಾಗಿ ಬಿಟ್ಟು ಗಾಳಿಯನ್ನೂ ತಂಪು ಮಾಡುತ್ತವೆ.

ಕ್ರುಂಬಿಗಲ್ ಅವರ ಯೋಚನೆ ಸರಳವಾಗಿತ್ತು. ಒಂದೊಂದು ರಸ್ತೆಗೆ ಒಂದೊಂದು ಜಾತಿಯ ಮರ. ಒಂದರ ಹೂ ಉದುರುವಾಗ ಇನ್ನೊಂದು ಅರಳಬೇಕು, ವರ್ಷದಲ್ಲಿ ಯಾವ ತಿಂಗಳೂ ನಗರ ಬರಿದಾಗಿರಬಾರದು. ಜಕರಂದಾದ ನೀಲಿ ಮುಗಿಯುವಷ್ಟರಲ್ಲಿ ಗುಲ್‌ಮೊಹರಿನ ಕೆಂಪು. ಮಕ್ಕಳು ಮೊಗ್ಗು ಹಿಚುಕಿ ನೀರು ಚಿಮ್ಮಿಸುವ ನೀರುಕಾಯಿ ಮರವೂ ಹೀಗೆಯೇ ಹೊರದೇಶದಿಂದ ಬಂದದ್ದು. ಎಲ್ಲ ಆಯ್ಕೆಯೂ ಸರಿಯಿತ್ತೆಂದು ನಾವು ಹೇಳುವುದಿಲ್ಲ. ಗುಲ್‌ಮೊಹರಿನ ಬೇರು ಆಳಕ್ಕಿಳಿಯದು. ಮುಂಗಾರು ಪೂರ್ವದ ಬಿರುಗಾಳಿಗೆ ಮೊದಲು ಉರುಳುವುದು ಅದೇ. ಆದರೆ ಬುಡದವರೆಗೆ ಕಾಂಕ್ರೀಟು ಸುರಿದು ಬೇರಿಗೆ ನೀರಿಲ್ಲದಂತೆ ಮಾಡಿದವರು, ಮರ ಬಿದ್ದಾಗ ಮರವನ್ನೇ ದೂರುವುದು ಯಾವ ನ್ಯಾಯ?

ಊರು ಬೆಳೆದಾಗ ಹಳೆಯ ಮರಗಳು ಸಾಲದಾದವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಐದು ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಇಂದು ನಾವು ಬಸ್ಸಿಗೆ ಕಾಯುತ್ತ ನಿಲ್ಲುವ ಎಷ್ಟೋ ನೆರಳು ಅವರದು. 2021ರಲ್ಲಿ ಅವರೂ ತೀರಿಕೊಂಡರು.

ನೆಟ್ಟಷ್ಟೇ ಸುಲಭವಾಗಿ ಕಡಿಯಲೂ ಬರುತ್ತಾರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳಿಗೆ ಕೊಡಲಿ ಬೀಳುವುದಿತ್ತು. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಬದಿ ನಿಂತರು. ಅಜ್ಜಿಯರೂ ಇದ್ದರು, ಶಾಲೆ ಮಕ್ಕಳೂ ಇದ್ದರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ನಮ್ಮ ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಗುಲಾಬಿಗೆ ಹೆಸರಾದ ಊರು. ಆದರೆ ಹೊಸ ಬಡಾವಣೆಯ ರಸ್ತೆಗಳಲ್ಲಿ ಮಧ್ಯಾಹ್ನ ನಿಲ್ಲಲು ನೆರಳಿಲ್ಲ. ಚರಂಡಿಗೆ ಅಳತೆಯಿದೆ, ವಿದ್ಯುತ್ ಕಂಬಕ್ಕೆ ಅಳತೆಯಿದೆ, ಮರಕ್ಕೆ ಮೂರಡಿ ಮಣ್ಣು ಬಿಟ್ಟವರಿಲ್ಲ. ದೇವಾಲಯದ ಮುಂದಿನ ರಸ್ತೆಗೆ ಯಾವ ಮರ ಒಳ್ಳೆಯದೆಂದು ನಮ್ಮಲ್ಲಿ ಚರ್ಚೆ ನಡೆದೇ ಇದೆ. ಹಿರಿಯರು ಹೊಂಗೆ ಅನ್ನುತ್ತಾರೆ, ಯುವಕರಿಗೆ ಗುಲಾಬಿ ಬಣ್ಣದ ಟಬೆಬುಯಾ ಬೇಕಂತೆ. ನಮ್ಮ ಒಲವು ಹೊಂಗೆಗೆ. ಯಾವುದಾದರೂ ಆಗಲಿ, ಗುಂಡಿಗೆ ಜಾಗ ಬಿಡಿ ಎಂಬ ಅರ್ಜಿಯನ್ನು ಮಳೆಗಾಲಕ್ಕೆ ಮೊದಲೇ ಪಾಲಿಕೆಗೆ ಕೊಡಲಿದ್ದೇವೆ.