ಮಗ್ಗ ಕಲಿಸಿದ ಗಣಕ

ಬಾಗಲಕೋಟೆ ಜಿಲ್ಲೆಯ ರಬಕವಿ ನೇಕಾರರ ಊರು. ಮೈಕ್ರೋಕಂಟ್ರೋಲರಿನ ರಚನೆಯನ್ನು ಅರಿಯಲು ನನಗೆ ನೆರವಾದದ್ದು ಈ ಊರಿನ ಮಗ್ಗವೆಂದರೆ ಕೆಲವರಿಗೆ ಅಚ್ಚರಿಯಾಗಬಹುದು.

ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್‌ನೊಳಗೆ ಅಡಗಿರುವ ಪುಟ್ಟ ಗಣಕ. ನಾನು ಕಲಿತದ್ದು ಇಂಟೆಲ್ ಸಂಸ್ಥೆ 1980ರಲ್ಲಿ ಹೊರತಂದ 8051 ಎಂಬುದನ್ನು. ಅದರಲ್ಲಿ ಆಜ್ಞೆಗಳನ್ನು ಕಾಪಿಡಲು 4 ಕಿಲೋಬೈಟ್, ಅಂಕಿಗಳನ್ನಿಡಲು 128 ಬೈಟ್ ಸ್ಥಳವುಂಟು. ಅದು ಒಮ್ಮೆಗೆ 8 ಬಿಟ್‌ಗಳನ್ನಷ್ಟೇ ಹಿಡಿಯಬಲ್ಲದು. ಆದುದರಿಂದ 255ಕ್ಕೆ 1ನ್ನು ಕೂಡಿಸಿದರೆ ಅಕ್ಯುಮುಲೇಟರ್ ಎಂಬ ಲೆಕ್ಕದ ಮನೆಯಲ್ಲಿ ಸೊನ್ನೆ ಉಳಿದು, ಮಿಕ್ಕದ್ದು ಕ್ಯಾರಿ ಎಂಬ ಬೇರೊಂದು ಬಿಟ್‌ಗೆ ಸೇರುತ್ತದೆ.

ಇದಕ್ಕೆ ಆಜ್ಞೆ ನೀಡುವ ಭಾಷೆಯೇ ಅಸೆಂಬ್ಲಿ. ‘ಮೂವ್’ ಎಂದರೆ ಅಂಕಿಯನ್ನು ತಂದಿಡು. ‘ಆಡ್’ ಎಂದರೆ ಕೂಡಿಸು. 2ಕ್ಕೆ 3ನ್ನು ಕೂಡಿಸಬೇಕಾದರೆ ಮೊದಲು 2ನ್ನು ಅಕ್ಯುಮುಲೇಟರಿಗೆ ತರಬೇಕು, ಬಳಿಕ 3ನ್ನು ಸೇರಿಸಬೇಕು. ಹೇಳದೆ ಬಿಟ್ಟದ್ದನ್ನು ಯಂತ್ರವು ತಾನಾಗಿ ಊಹಿಸಿಕೊಳ್ಳದು. ಚೌಕುಳಿ ಹಾಳೆಯಲ್ಲಿ ಪ್ರತಿಯೊಂದು ಆಜ್ಞೆಯ ಎದುರಿಗೂ ಅದರ ಫಲವನ್ನು ಬರೆಯುತ್ತ ಹೋದಂತೆ ನನಗೆ ಜಕಾರ್ಡ್ ಮಗ್ಗದ ನೆನಪಾಯಿತು. ಸೀರೆಯ ಅಂಚಿನ ಹೂವನ್ನೂ ಇಂತಹುದೇ ಹಾಳೆಯ ಮೇಲೆ ಎಳೆ ಎಳೆಯಾಗಿ ಬರೆದುಕೊಳ್ಳುವರು.

ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಸಾಧನದಲ್ಲಿ ರಟ್ಟಿನ ತೂತುಗಳೇ ಆಜ್ಞೆಗಳು. ತೂತಿದ್ದಲ್ಲಿ ಕೊಕ್ಕೆಯು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಹಾಯ್ದ ಮೇಲೆ ಮುಂದಿನ ರಟ್ಟು ಬರುತ್ತದೆ. ಹಾಗೆಯೇ 8051ರಲ್ಲಿ ಪ್ರೋಗ್ರಾಂ ಕೌಂಟರ್ ಮುಂದಿನ ಆಜ್ಞೆಯ ನೆಲೆಯನ್ನು ತೋರಿಸುತ್ತದೆ. ಈ ಹೋಲಿಕೆ ಆಕಸ್ಮಿಕವಲ್ಲ. 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಜಕಾರ್ಡನ ರಟ್ಟುಗಳನ್ನೇ ಆರಿಸಿಕೊಂಡನು.

ಆದರೆ ಒಂದು ಭೇದವುಂಟು. ಮಗ್ಗದ ರಟ್ಟುಗಳು ಹೊಲಿದ ಕ್ರಮದಲ್ಲಿಯೇ ಸುತ್ತುತ್ತವೆ. 8051 ಮಾತ್ರ ಅಕ್ಯುಮುಲೇಟರಿನಲ್ಲಿ ಸೊನ್ನೆಯಿದೆಯೇ ಎಂದು ಪರೀಕ್ಷಿಸಿ, ಇದ್ದರೆ ಬೇರೊಂದು ಆಜ್ಞೆಗೆ ನೆಗೆಯಬಲ್ಲದು. ಗಣಕದ ವಿವೇಚನೆಯೆಂದು ನಾವು ಬೆರಗಾಗುವುದರ ಮೂಲ ಇಷ್ಟೇ.

ಓದಿದರೆ ಮಗ್ಗದಿಂದ ಬಿಡುಗಡೆ ಎಂಬ ಮಾತು ನೇಕಾರರ ಮನೆಗಳಲ್ಲಿ ಕೇಳಿಬರುವುದುಂಟು. ದುಡಿಮೆಗೆ ತಕ್ಕ ಕೂಲಿ ಕಾಣದವರು ಹಾಗೆನ್ನುವುದು ಸಹಜ. ಮಕ್ಕಳು ಮಗ್ಗವನ್ನು ಬಿಡಬಹುದು; ಆದರೆ ಹೂವೊಂದನ್ನು ಸಾವಿರ ಆಜ್ಞೆಗಳಾಗಿ ಬಿಡಿಸಿ ನೋಡುವ ಆ ಬುದ್ಧಿಯನ್ನು ಬಿಡಬೇಕಾಗಿಲ್ಲ. ಶಾಲೆಯಲ್ಲಿ ಅದಕ್ಕೆ ವಿದ್ಯೆಯೆಂದು ಹೆಸರು. ಮನೆಯಲ್ಲಿ ಕಸುಬೆಂದು ಹೆಸರು.