ಕವಾಟಶುದ್ಧಿ

ಹೊಸ ಮಡಕೆಯನ್ನು ಕೊಂಡುತಂದ ಗೃಹಿಣಿಯು ಆ ದಿನವೇ ಅದರಲ್ಲಿ ಅನ್ನಕ್ಕಿಡುವುದಿಲ್ಲ. ಅದನ್ನು ನೀರಿನಲ್ಲಿ ನೆನೆಯಿಟ್ಟು, ಒಂದೆರಡು ಸಲ ಗಂಜಿಯನ್ನು ಕಾಯಿಸಿ ಚೆಲ್ಲಿ, ಅನಂತರವೇ ಅಡಿಗೆಗೆ ಯೋಗ್ಯವೆಂದು ಎಣಿಸುತ್ತಾಳೆ. ಹೊಸದಾಗಿ ತೋಡಿದ ಕಾಲುವೆಗೆ ಮೊದಲ ನೀರು ಬಂದಾಗ ರೈತನು ಅದನ್ನು ಸಸಿಮಡಿಗೆ ತಿರುಗಿಸುವುದಿಲ್ಲ. ಕಸಕಡ್ಡಿಯೂ ಸಡಿಲ ಮಣ್ಣೂ ಕೊಚ್ಚಿಹೋಗಲೆಂದು ಹಳ್ಳದ ಕಡೆಗೆ ಬಿಡುತ್ತಾನೆ. ಯಾವ ಗ್ರಂಥವನ್ನೂ ಓದದೆ ನಮ್ಮ ಜನರು ನಡೆಸಿಕೊಂಡು ಬಂದಿರುವ ಈ ವಿವೇಕವೇ ದೊಡ್ಡ ಯಂತ್ರಶಾಲೆಗಳಲ್ಲಿಯೂ ನಡೆಯತಕ್ಕದ್ದಾಗಿದೆ. ಹೊಸ ಉಗಿಹಂಡೆಯಿಂದ ಟರ್ಬೈನಿಗೆ ಹೋಗುವ ಕೊಳವೆಗಳನ್ನು, ಯಂತ್ರವು ತಿರುಗುವುದಕ್ಕೆ ಮುಂಚೆ, ಉಗಿಯಿಂದಲೇ ಊದಿ ಶುದ್ಧಮಾಡಬೇಕು. ಆ ಊದುವಿಕೆಗೆ ದಾರಿಯ ಕವಾಟಗಳನ್ನು ಅಣಿಗೊಳಿಸುವುದು ಹೇಗೆಂಬುದೇ ಈ ಬರಹದ ವಿಷಯ.

ಸಾಹಿತ್ಯದ ಪತ್ರಿಕೆಯಲ್ಲಿ ಕವಾಟ, ಬೋಲ್ಟುಗಳ ಮಾತೇಕೆಂದು ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಮೂವತ್ತು ವರ್ಷಗಳನ್ನು ಉಗಿಹಂಡೆಗಳ ಮಗ್ಗುಲಲ್ಲಿ ಕಳೆದವನಾದ ನನಗೆ ಇದಕ್ಕಿಂತ ಚೆನ್ನಾಗಿ ತಿಳಿದ ವಿಷಯ ಮತ್ತೊಂದಿಲ್ಲವೆಂಬುದು ಒಂದು ಸಮಾಧಾನ. ಮಂಡ್ಯದಲ್ಲಿ ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದಂದಿನಿಂದ ಕಾರ್ಖಾನೆಯ ಸಿಳ್ಳು ನಮ್ಮ ಜನಜೀವನದಲ್ಲಿ ಬೆರೆತುಹೋಗಿದೆ. ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತನ್ನು ಹುಟ್ಟಿಸುವ ಕಾರ್ಖಾನೆಗಳು ಈಗ ಅನೇಕ ಜಿಲ್ಲೆಗಳಲ್ಲಿವೆ. ಅವುಗಳಲ್ಲಿ ದುಡಿಯುವವರು ನಮ್ಮ ನೆರೆಮನೆಯ ಮಕ್ಕಳು. ಅವರ ಕೆಲಸದ ಅಪಾಯವೂ ಅದರ ಘನತೆಯೂ ನಮಗೆ ತಿಳಿದಿರುವುದು ಒಳ್ಳೆಯದೆಂಬುದು ಎರಡನೆಯ ಸಮಾಧಾನ.

ಹೊಸ ಕೊಳವೆಯೊಳಗೆ ಕಸವೆಲ್ಲಿಯದು ಎಂದು ಕೇಳಬಹುದು. ಕೆಂಪಗೆ ಕಾಯ್ದ ಉಕ್ಕನ್ನು ಎಳೆದು ಕೊಳವೆಯನ್ನು ಮಾಡುವಾಗಲೇ ಅದರ ಮೈಮೇಲೆ ಕಪ್ಪು ಹೊಪ್ಪಳೆಯೊಂದು ಕಟ್ಟಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಯಲಲ್ಲಿ ಬಿದ್ದಿರುವಾಗ ತುಕ್ಕು ಹಿಡಿಯುತ್ತದೆ. ಬೆಸೆಯುವಾಗ ಕಿಟ್ಟವೂ ಲೋಹದ ಹನಿಗಳೂ ಒಳಗೆ ಬೀಳುತ್ತವೆ. ಉಜ್ಜುವಾಗ ಪುಡಿ ಉದುರುತ್ತದೆ. ಬೆಸುಗೆಯ ಕಡ್ಡಿಯ ತುಂಡು, ಮರೆತ ನಟ್ಟು, ಚಿಂದಿ ಬಟ್ಟೆ ಇವು ಸಹ ದೊರೆತದ್ದುಂಟು. ಟರ್ಬೈನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ, ಒಂದು ಮೀಟರು ವ್ಯಾಸದ ಚಕ್ರದ ಅಂಚಿನಲ್ಲಿರುವ ಅಲಗು ಸೆಕೆಂಡಿಗೆ ಸುಮಾರು ೧೫೭ ಮೀಟರು ಓಡುತ್ತಿರುತ್ತದೆ. ಅದಕ್ಕೆ ಎದುರಾಗಿ ಉಗಿಯ ವೇಗದಲ್ಲಿ ಬರುವ ಸಾಸಿವೆಕಾಳಿನಷ್ಟು ಕಿಟ್ಟವೂ ಬಂದೂಕದ ಚರೆಯಂತಾಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರವು ಒಂದು ಚಿಟಿಕೆ ಕಸದಿಂದ ಕುರೂಪವಾಗಬಹುದು. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ನನಗೆ ತೋರದು.

ಊದುವ ಕ್ರಮವು ಕೇಳುವುದಕ್ಕೆ ಸುಲಭ. ಟರ್ಬೈನಿಗೆ ಸೇರಬೇಕಾದ ಕೊಳವೆಯನ್ನು ಅದರ ಬಾಗಿಲಲ್ಲಿಯೇ ಬೇರ್ಪಡಿಸಿ, ತಾತ್ಕಾಲಿಕವಾದ ಬೇರೊಂದು ಕೊಳವೆಯನ್ನು ಜೋಡಿಸಿ, ಅದರ ಬಾಯನ್ನು ಜನರಿಲ್ಲದ ಬಯಲಿಗೆ ತಿರುಗಿಸುತ್ತಾರೆ. ಹಂಡೆಯಲ್ಲಿ ಒತ್ತಡವನ್ನು, ಉದಾಹರಣೆಗೆ ಚದರ ಸೆಂಟಿಮೀಟರಿಗೆ ೪೦ ಕಿಲೋಗ್ರಾಮಿನವರೆಗೆ ಏರಿಸಿ, ಒಲೆಗೆ ಸಿಪ್ಪೆಯ ಪೂರೈಕೆಯನ್ನು ನಿಲ್ಲಿಸಿ, ಬೇಗನೆ ತೆರೆಯುವ ಕವಾಟವೊಂದನ್ನು ತೆರೆಯುತ್ತಾರೆ. ಒತ್ತಡವು ಅರ್ಧದಷ್ಟಕ್ಕೆ ಇಳಿದೊಡನೆ ಮುಚ್ಚುತ್ತಾರೆ. ಅದಕ್ಕಿಂತ ಕೆಳಗಿಳಿಸಿದರೆ ಹಂಡೆಯೊಳಗಿನ ನೀರಿನ ಉಷ್ಣತೆಯು ಥಟ್ಟನೆ ಕುಸಿದು ಅದರ ದಪ್ಪ ಗೋಡೆಗೆ ಪೆಟ್ಟು; ೪೦ರಿಂದ ೨೦ಕ್ಕೆ ಇಳಿಯುವಷ್ಟರಲ್ಲಿಯೇ ಆ ಉಷ್ಣತೆಯು ಸುಮಾರು ೨೫೦ ಡಿಗ್ರಿಯಿಂದ ೨೧೫ರ ಸಮೀಪಕ್ಕೆ ಬಂದಿರುತ್ತದೆ. ಬಳಿಕ ಕೊಳವೆ ಆರಬೇಕು. ಉಕ್ಕೂ ಅದರ ಮೇಲಣ ಹೊಪ್ಪಳೆಯೂ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದುದರಿಂದ, ಕಾಯ್ದು ಆರಿದಂತೆಲ್ಲ ಹೊಪ್ಪಳೆಯು ಬಿರಿದು ಸಡಿಲವಾಗುತ್ತದೆ. ಮುಂದಿನ ಊದು ಅದನ್ನು ಹೊತ್ತೊಯ್ಯುತ್ತದೆ. ಹೀಗೆ ಹತ್ತಾರು ಸಲ.

ಮುಂದೆ ನಿತ್ಯದ ಕೆಲಸದಲ್ಲಿ ಪೂರ್ಣಭಾರದ ಉಗಿಯು ಕೊಳವೆಯ ಗೋಡೆಯನ್ನು ಎಷ್ಟು ಬಲದಿಂದ ಕೆರೆಯುವುದೋ ಅದಕ್ಕಿಂತ ಹೆಚ್ಚಿನ ಬಲದಿಂದ ಈಗ ಕೆರೆದಿರಬೇಕು. ಈ ಎರಡು ಬಲಗಳ ಪ್ರಮಾಣವು ಕೊಳವೆಯ ಉದ್ದಕ್ಕೂ ಒಂದಕ್ಕಿಂತ ಮೇಲಿರಬೇಕೆಂಬುದು ನಿಯಮ, ಸಾಮಾನ್ಯವಾಗಿ ೧.೨ಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳುವರು. ಕಡಿಮೆ ಒತ್ತಡದ ಉಗಿಯಿಂದ ಇದು ಹೇಗೆ ಸಾಧ್ಯವೆಂದರೆ, ಒತ್ತಡವಿಳಿದ ಉಗಿಯು ಹಿಗ್ಗಿರುತ್ತದೆ. ಹಿಗ್ಗಿದ್ದು ಅದೇ ಕೊಳವೆಯಲ್ಲಿ ವೇಗವಾಗಿ ಓಡಲೇಬೇಕು. ಶುದ್ಧಿಯ ಪರೀಕ್ಷೆಗಾಗಿ, ಹೊರಡುವ ಉಗಿಗೆ ಅಡ್ಡಲಾಗಿ ನಯಗೊಳಿಸಿದ ಅಲ್ಯುಮಿನಿಯಮ್ ಅಥವಾ ತಾಮ್ರದ ಪಟ್ಟಿಯನ್ನು ಹಿಡಿಸಿ, ಅದರ ಮೇಲೆ ಬಿದ್ದ ಚುಕ್ಕೆಗಳನ್ನು ಎಣಿಸುತ್ತಾರೆ. ಮೊದಲ ಪಟ್ಟಿಯು ಸಿಡುಬು ಎದ್ದ ಮುಖದಂತಿದ್ದರೆ ಕಡೆಯದು ಕನ್ನಡಿಯಂತಿರಬೇಕು.

ಇನ್ನು ಕವಾಟಗಳ ಮಾತು. ಉಗಿಯನ್ನು ಹದವರಿತು ಬಿಡುವ ಕವಾಟದ ಹೊಟ್ಟೆಯಲ್ಲಿ ಪ್ಲಗ್ಗು, ಅದು ಕೂರುವ ಸೀಟು, ಸುತ್ತಲೂ ತೂತುಗಳುಳ್ಳ ಪಂಜರ, ಮೇಲಿಂದಿಳಿಯುವ ಸ್ಪಿಂಡಲು ಎಂಬ ಅವಯವಗಳಿರುತ್ತವೆ. ಇವು ಕೂದಲೆಳೆಯ ಸಂದನ್ನೂ ಸಹಿಸದಂತೆ ಸಾಣೆಹಿಡಿದ ವಸ್ತುಗಳು. ಇವನ್ನು ಒಳಗಿಟ್ಟೇ ಊದಿದರೆ ಕಸವೆಲ್ಲವೂ ಪಂಜರದಲ್ಲಿ ಸಿಕ್ಕಿ, ಸೀಟು ಗೀಚಿಹೋಗಿ, ಕವಾಟವು ಆಯುಷ್ಯವಿಡೀ ಸೋರುವುದು. ಆದುದರಿಂದ ಉಗಿಯ ದಾರಿಯಲ್ಲಿರುವ ಇಂಥ ಕವಾಟಗಳ ಒಳಗನ್ನು ಬರಿದುಮಾಡಿ, ಸೀಟಿನ ಸ್ಥಾನಕ್ಕೆ ಕಾಪಿನ ಉಂಗುರವನ್ನು ಕೂಡಿಸಿ, ಮೇಲುಗಡೆ ಬಾನೆಟ್ಟಿನ ಬದಲು ಗಟ್ಟಿಯಾದ ಮುಚ್ಚಳವನ್ನು ಬಿಗಿಯುತ್ತಾರೆ. ಹಿಮ್ಮುಖದ ಉಗಿಯನ್ನು ತಡೆಯುವ ಕವಾಟಗಳ ರೆಕ್ಕೆಯನ್ನೂ, ಉಗಿಯನ್ನಳೆಯುವ ತೂತುಬಿಲ್ಲೆಯನ್ನೂ, ನೀರು ಚಿಮುಕಿಸಿ ತಂಪುಮಾಡುವ ಮೂತಿಯನ್ನೂ ಹೀಗೆಯೇ ತೆಗೆದಿಡಬೇಕು. ತಣ್ಣೀರಿನ ಒತ್ತಡದಿಂದ ಪರೀಕ್ಷಿಸುವಾಗ ರಕ್ಷಣಾಕವಾಟಗಳು ಎದ್ದೇಳದಂತೆ ಹಾಕಿದ ಬಂಧನವನ್ನು ಬೆಂಕಿಯಿಡುವ ಮುನ್ನ ಬಿಚ್ಚತಕ್ಕದ್ದು. ಬಿಚ್ಚದೆ ಉರಿಹಾಕಿದವನು ಹಂಡೆಯ ಮೂಗನ್ನೂ ಬಾಯನ್ನೂ ಮುಚ್ಚಿದಂತೆಯೇ ಸರಿ.

ಬಿಚ್ಚುವುದರಲ್ಲಿಯೇ ಮೊದಲನೆಯ ಅಪಾಯ. ಕವಾಟವು ಹೊರಗೆ ತಣ್ಣಗಿದ್ದಮಾತ್ರಕ್ಕೆ ಒಳಗೆ ಒತ್ತಡವಿಲ್ಲವೆಂದು ನಂಬಬಾರದು. ಇಕ್ಕಡೆಯ ದಾರಿಗಳನ್ನೂ ಮುಚ್ಚಿ ಬೀಗಹಾಕಿ, ಬೀಗದ ಕೈಯನ್ನು ಕೆಲಸಮಾಡುವವನೇ ಜೇಬಿನಲ್ಲಿಟ್ಟುಕೊಂಡು, ತಗ್ಗಿನ ಬಸಿಗಾಲುವೆಯನ್ನೂ ಮೇಲಣ ಗಾಳಿಗಂಡಿಯನ್ನೂ ತೆರೆದಿರಬೇಕು. ಬಹಳ ಹಿಂದೆ ಒಂದು ಕಾರ್ಖಾನೆಯಲ್ಲಿ (ಅದರ ಹೆಸರಿನಿಂದ ಈಗ ಯಾರಿಗೂ ಪ್ರಯೋಜನವಿಲ್ಲ) ಬಸಿಗಂಡಿಯನ್ನು ತೆರೆದರು, ಏನೂ ಬರಲಿಲ್ಲ, ಕೊಳವೆ ಬರಿದಾಗಿದೆಯೆಂದು ಬಗೆದರು. ನಿಜದಲ್ಲಿ ಆ ಗಂಡಿಗೆ ತುಕ್ಕಿನ ಚಕ್ಕೆಗಳು ಅಡರಿಕೊಂಡಿದ್ದವು. ಬಾನೆಟ್ಟಿನ ನಟ್ಟುಗಳನ್ನು ಸಾಲಾಗಿ ಪೂರ್ತಿ ಕಳಚುತ್ತ ಬಂದ ಇಪ್ಪತ್ತೆರಡು ವರ್ಷದ ತರುಣನ ಎದೆಯ ಮೇಲೆ ಕುದಿನೀರು ಹಾಯಿತು. ಮೂರನೆಯ ದಿನ ಅವನು ತೀರಿಕೊಂಡನು. ಅವನ ತಂದೆಯು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು, “ಏನೂ ಬರಲಿಲ್ಲವಂತೆ, ಅದಕ್ಕೇ ಬಿಚ್ಚಿದನಂತೆ” ಎಂಬುದೊಂದನ್ನೇ ಬಂದಬಂದವರಿಗೆಲ್ಲ ಹೇಳುತ್ತಿದ್ದುದು ನನ್ನ ಕಿವಿಯಲ್ಲಿ ಇನ್ನೂ ಇದೆ. ಏನೂ ಬಾರದಿರುವುದು ಏನೂ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಗಂಡಿಯಲ್ಲಿ ಕಂಬಿಯಾಡಿಸಿ ನೋಡಬೇಕು. ಒತ್ತಡದ ಮಾಪಕವನ್ನು ನೋಡಬೇಕು. ಆಮೇಲೂ ನಟ್ಟುಗಳನ್ನು ಕಳಚದೆ ಬರಿದೆ ಸಡಿಲಿಸಿ, ತನ್ನಿಂದ ದೂರವಿರುವ ಮಗ್ಗುಲಿನ ಸಂದನ್ನು ಮೊದಲು ಬಿಡಿಸಬೇಕು. ಒಳಗೇನಾದರೂ ಉಳಿದಿದ್ದರೆ ಅದು ಅತ್ತ ಸುಯ್ಯೆಂದು ಹೋಗಲಿ.

ಮುಚ್ಚುವುದರಲ್ಲಿ ಎರಡನೆಯ ಅಪಾಯ. ವಾಚಕರು ಒಂದು ಲೆಕ್ಕವನ್ನು ಮಾಡಿನೋಡಬೇಕು. ೩೦ ಸೆಂಟಿಮೀಟರು ವ್ಯಾಸದ ಬಾಯಿಯ ವಿಸ್ತೀರ್ಣ ಸುಮಾರು ೭೦೭ ಚದರ ಸೆಂಟಿಮೀಟರು. ಒಂದೊಂದರ ಮೇಲೆ ೪೦ ಕಿಲೋಗ್ರಾಮಿನಂತೆ ಒಟ್ಟು ೨೮ ಟನ್ನಿಗೂ ತುಸು ಹೆಚ್ಚಾಗುತ್ತದೆ. ಹನ್ನೆರಡು ಬೋಲ್ಟುಗಳಿದ್ದರೆ ಒಂದೊಂದರ ಮೇಲೆ ಕಬ್ಬು ತುಂಬಿದ ಎತ್ತಿನ ಗಾಡಿಯ ಭಾರ. “ನಾಲ್ಕು ದಿನದ ತಾತ್ಕಾಲಿಕ ಮುಚ್ಚಳ ತಾನೆ” ಎಂದು ಕೈಗೆ ಸಿಕ್ಕ ತಗಡನ್ನೂ ಬೋಲ್ಟನ್ನೂ ಹಾಕುವವರುಂಟು. ಉಗಿಗೆ ತಾತ್ಕಾಲಿಕ, ಶಾಶ್ವತ ಎಂಬ ಭೇದ ತಿಳಿಯದು. ಮುಚ್ಚಳವೂ ಬೋಲ್ಟೂ ಗ್ಯಾಸ್ಕೆಟ್ಟೂ ಆ ಒತ್ತಡಕ್ಕೂ ಆ ಶಾಖಕ್ಕೂ ತಕ್ಕವೆಂಬ ಪ್ರಮಾಣಪತ್ರವಿರಬೇಕು. ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಅಳತೆಯ ಬಲದಿಂದ ಬಿಗಿಯಬೇಕು.

ನಾನು ಮೇಲ್ವಿಚಾರಕನಾಗಿದ್ದ ಒಂದು ಸಕ್ಕರೆಯ ಕಾರ್ಖಾನೆಯಲ್ಲಿ, ೮೭ ಕಿಲೋಗ್ರಾಮು ಒತ್ತಡದ, ೫೧೫ ಡಿಗ್ರಿ ಉಷ್ಣತೆಯ ಹೊಸ ಹಂಡೆಯು ಸಿದ್ಧವಾಗಿತ್ತು. ಕಬ್ಬು ನುರಿಸುವ ದಿನ ಗೊತ್ತಾಗಿತ್ತು, ಆಹ್ವಾನಪತ್ರಿಕೆಗಳೂ ಅಚ್ಚಾಗಿದ್ದವು. ಊದುವ ದಿನದ ಬೆಳಿಗ್ಗೆ ನಮ್ಮ ಹಿರಿಯ ಮೇಸ್ತ್ರಿಯು ಪ್ರತಿಯೊಂದು ಮುಚ್ಚಳದ ಮೇಲೂ ಕೈಯಾಡಿಸುತ್ತ ಬಂದು ಒಂದರ ಹತ್ತಿರ ನಿಂತುಬಿಟ್ಟನು. “ಸ್ವಾಮಿ, ಈ ಎರಡು ಬೋಲ್ಟು ಗಿಡ್ಡ. ನಟ್ಟಿನ ಹೊಟ್ಟೆ ಅರ್ಧವೇ ತುಂಬಿದೆ. ನಾನು ರುಜು ಹಾಕುವುದಿಲ್ಲ” ಎಂದನು. ಅಧಿಕಾರಿಗಳೊಬ್ಬರು ಬಂದು, “ಮೇಸ್ತ್ರಿಗಳೆ, ಹತ್ತು ಬೋಲ್ಟು ಸರಿಯಾಗಿವೆಯಲ್ಲ, ಎರಡರಿಂದ ಏನಾದೀತು? ದಿನ ತಪ್ಪಿದರೆ ರೈತರಿಗೆ ಯಾರು ಉತ್ತರ ಹೇಳುವವರು?” ಎಂದರು. ಮೇಸ್ತ್ರಿಯು ಸ್ವರವನ್ನೇರಿಸಲಿಲ್ಲ. “ರೈತರಿಗೆ ನಾನೇ ಹೇಳುತ್ತೇನೆ, ಸ್ವಾಮಿ. ಈ ಹುಡುಗರ ಮನೆಯವರಿಗೆ ಹೇಳುವುದು ನನ್ನಿಂದಾಗದು” ಎಂದು ಕೈಕಟ್ಟಿ ನಿಂತನು. ನಾನೂ ಅವನ ಪಕ್ಕದಲ್ಲಿ ನಿಂತೆನು. ತಕ್ಕ ಬೋಲ್ಟುಗಳು ಬರುವುದಕ್ಕೆ ಮರುದಿನ ಸಂಜೆಯಾಯಿತು. ಅನಂತರ ಕೊಳವೆಯನ್ನು ಮೆಲ್ಲನೆ ಕಾಯಿಸಿ, ಒಳಗೆ ಬಸಿದ ನೀರನ್ನೆಲ್ಲ ಹೊರಬಿಟ್ಟು (ನಿಂತ ನೀರು ಉಗಿಯ ಮುಂದೆ ಸುತ್ತಿಗೆಯಂತೆ ನುಗ್ಗುತ್ತದೆ), ಸುತ್ತಣ ಹಳ್ಳಿಗಳಿಗೆ ಡಂಗುರ ಸಾರಿಸಿ, ಬಯಲಿಗೆ ಹಗ್ಗ ಕಟ್ಟಿ, ಕಿವಿಗೆ ಮುಚ್ಚಿಗೆಯಿಟ್ಟು ಕವಾಟವನ್ನು ತೆರೆದೆವು. ಭೂಮಿ ನಡುಗಿತು, ಮರಗಳಲ್ಲಿದ್ದ ಹಕ್ಕಿಗಳೆಲ್ಲ ಒಮ್ಮೆಗೆ ಎದ್ದವು, ಮುಚ್ಚಳಗಳು ಮಾತ್ರ ಮಿಸುಕಲಿಲ್ಲ. ಆ ಎರಡು ಗಿಡ್ಡ ಬೋಲ್ಟುಗಳಿದ್ದಿದ್ದರೆ ಏನಾಗುತ್ತಿತ್ತೋ ಹೇಳಬಲ್ಲವರಾರು? ಏನೂ ಆಗದೆಯೂ ಇರಬಹುದಾಗಿತ್ತು. ಮೇಸ್ತ್ರಿಗೆ ಆ ಸಂಶಯವೇ ಸಾಕಾಗಿತ್ತು.

ಊದುವುದು ಮುಗಿದೊಡನೆ ಕೆಲಸ ಮುಗಿಯಲಿಲ್ಲ. ಮತ್ತೆ ಆರಿಸಿ, ಬೀಗಹಾಕಿ, ಬಿಚ್ಚಿ, ಕವಾಟದ ತಳದ ಗುಳಿಯಲ್ಲಿ ಅಡಗಿದ ಕಸವನ್ನು ಕೈಯಿಂದ ತೆಗೆಯಬೇಕು. ಗುರುತುಚೀಟಿಯೊಡನೆ ಪೆಟ್ಟಿಗೆಯಲ್ಲಿಟ್ಟಿದ್ದ ಅವಯವಗಳನ್ನು ಎಣಿಸಿ, ಹೊಸ ಗ್ಯಾಸ್ಕೆಟ್ಟಿನೊಡನೆ ಕೂಡಿಸಿ, ಸ್ಪಿಂಡಲು ಕೊನೆಯಿಂದ ಕೊನೆಗೆ ಸರಾಗವಾಗಿ ಆಡುವುದೆಂದು ನೋಡಬೇಕು. ತೆಗೆದ ಕಾಪಿನ ಉಂಗುರಗಳ ಲೆಕ್ಕವು ಹಾಕಿದ ಲೆಕ್ಕಕ್ಕೆ ಸರಿಹೋಗಬೇಕು.

ಕೊಳವೆ ತೊಳೆಯುವ ಆತುರವು ಏನು ಮಾಡಬಲ್ಲುದೆಂಬುದನ್ನು ಲೋಕವು ೨೦೧೦ರ ಫೆಬ್ರವರಿ ೭ರಂದು ಕಂಡಿತು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಮಿಡಲ್‌ಟೌನಿನಲ್ಲಿ, ಕಟ್ಟಿ ಮುಗಿಯುತ್ತಿದ್ದ ಕ್ಲೀನ್ ಎನರ್ಜಿ ವಿದ್ಯುದಾಗಾರದ ಅನಿಲದ ಕೊಳವೆಗಳನ್ನು ಉರಿಯುವ ಅನಿಲದಿಂದಲೇ ಊದಿ ಶುದ್ಧಮಾಡುತ್ತಿದ್ದಾಗ ಅದು ಹೊತ್ತಿ ಸಿಡಿದು ಆರು ಮಂದಿ ಮಡಿದರು. ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಳಿಯು ವಿಚಾರಿಸಿ, ಈ ಪದ್ಧತಿಯನ್ನೇ ನಿಷೇಧಿಸಬೇಕೆಂದಿತು. ಗಾಳಿಯಂಥ, ಹೊತ್ತಿಕೊಳ್ಳದ ವಸ್ತುಗಳು ಇರುವಾಗ ಅನಿಲವೇಕೆ? ನಮ್ಮಲ್ಲಿ ಹಂಡೆಗಳ ಸುರಕ್ಷತೆಗಾಗಿ ೧೯೨೩ರಲ್ಲಿ ಆದ ಶಾಸನವು ನೂರು ವರ್ಷ ನಡೆದು, ೨೦೨೫ರಲ್ಲಿ ಅದರ ಸ್ಥಾನಕ್ಕೆ ಹೊಸ ಶಾಸನವು ಬಂದಿದೆ. ಶಾಸನವು ಇರಲೇಬೇಕು, ಆದರೆ ಬೆಳಗಿನ ಜಾವದಲ್ಲಿ ಮುಚ್ಚಳದ ಮೇಲೆ ಕೈಯಾಡಿಸುವವನು ಶಾಸನವಲ್ಲ, ಮನುಷ್ಯ.

ಆ ಮನುಷ್ಯನ ಪರವಾಗಿ ನಮ್ಮ ಸಂಘಕ್ಕೆ ಒಂದು ಅರಿಕೆಯಿದೆ. ಬೀಗಹಾಕಿದ ಕವಾಟಕ್ಕೆ ತೂಗುವ ಎಚ್ಚರಿಕೆಯ ಚೀಟಿಯು ನಾನು ಕಂಡ ಹಲವು ಕಡೆಗಳಲ್ಲಿ ಇಂಗ್ಲಿಷಿನಲ್ಲಿಯೇ ಇತ್ತು. ಅದರ ಕೆಳಗೆ ನಿಂತು ದುಡಿಯುತ್ತಿದ್ದ ಹುಡುಗನು ಓದಬಲ್ಲುದು ಕನ್ನಡವೊಂದನ್ನೇ. “ತೆರೆಯಬೇಡಿ, ಒಳಗೆ ಜನರಿದ್ದಾರೆ” ಎಂಬ ಮೂರು ಪದಗಳನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿಸಿ ಜಿಲ್ಲೆಯ ಕಾರ್ಖಾನೆಗಳಿಗೆ ಹಂಚುವುದು ಸಾಹಿತ್ಯಸೇವೆಯಲ್ಲವೆಂದು ಯಾರೂ ಹೇಳಲಾರರು. ಕೈಗಾರಿಕಾ ತರಬೇತಿಯ ಶಾಲೆಗಳಿಗಾಗಿ, ಬಿಚ್ಚುವ, ಮುಚ್ಚುವ, ಊದುವ ಈ ಕ್ರಮವನ್ನು ತಿಳಿಗನ್ನಡದಲ್ಲಿ ಬರೆದ ಚಿಕ್ಕ ಪುಸ್ತಿಕೆಯೊಂದು ಸಹ ಹೊರಡಲಿ. ಬರೆಯುವ ಭಾರವನ್ನು ನಾನು ಹೊರುತ್ತೇನೆ. ಭಾಷೆಯನ್ನು ತಿದ್ದುವ ಭಾರವನ್ನು ಸಂಘದ ಪಂಡಿತರು ವಹಿಸಬೇಕೆಂದು ಪ್ರಾರ್ಥನೆ.